ಕೊಟ್ರಮ್ಮನ ಅಳತೆ

ನನ್ನ ಮೈಕಟ್ಟಿನ ಬಗ್ಗೆ ನನಗಿಂತ ನನ್ನ ಫೋನಿಗೇ ಹೆಚ್ಚು ಚಿಂತೆ. ಒಂದು ಸಂಜೆ ಯಾವುದೋ ಕುರ್ತಾದ ಚಿತ್ರವನ್ನು ಸ್ವಲ್ಪ ಹೊತ್ತು ನೋಡಿದ್ದೇ ನೆಪವಾಯಿತು. ಅವತ್ತಿನಿಂದ ಕಡ್ಡಿಯಂಥ ಹುಡುಗಿಯರು ಒಬ್ಬರ ಹಿಂದೊಬ್ಬರು ಪರದೆಯ ಮೇಲೆ ಬಂದು, ನಿಮ್ಮ ದೇಹ ಯಾವ ಆಕಾರದ್ದು, ಅದಕ್ಕೆ ಯಾವ ಬಟ್ಟೆ ಒಪ್ಪುತ್ತದೆ, ಪ್ರತಿ ಹೆಣ್ಣಿನ ಕಪಾಟಿನಲ್ಲೂ ಇರಲೇಬೇಕಾದ ಬಟ್ಟೆಗಳು ಯಾವುವು ಎಂದು ಪಾಠ ಹೇಳತೊಡಗಿದರು. ಕೊಟ್ಟೂರಿನ ಹೈಸ್ಕೂಲಿನಲ್ಲಿ ವರ್ಷಗಟ್ಟಲೆ ಪಾಠ ಹೇಳಿದ ನನಗೆ ಪಾಠ ಕೇಳುವ ಅಭ್ಯಾಸ ಎಂದೋ ತಪ್ಪಿಹೋಗಿದೆ. ಆದರೂ ಕೇಳಿದೆ. ಹೆಣ್ಣುಗಳಲ್ಲಿ ಸೇಬಿನಂಥವರು ಇದ್ದಾರಂತೆ, ಪೇರ್ ಹಣ್ಣಿನಂಥವರು ಇದ್ದಾರಂತೆ, ಮರಳು ಗಡಿಯಾರದಂಥ ಪುಣ್ಯವಂತರೂ ಇದ್ದಾರಂತೆ. ಪೇರ್ ಎಂದರೆ ನಮ್ಮ ಸಂತೆಯ ಪೇರಲಹಣ್ಣೇ ಇರಬೇಕೆಂದುಕೊಂಡು, ಅಷ್ಟು ದುಂಡಗಿನ ಹೆಂಗಸಿಗೆ ಸೊಂಟಪಟ್ಟಿ ಎಲ್ಲಿ ಕಟ್ಟುತ್ತಾರೋ ಎಂದು ಬಹಳ ದಿನ ತಲೆ ಕೆಡಿಸಿಕೊಂಡಿದ್ದೆ. ನನ್ನ ಆಕಾರ ಅವರ ಪಟ್ಟಿಯಲ್ಲಿರಲಿಲ್ಲ. ನಮ್ಮೂರ ಮಂಡಕ್ಕಿ ಭಟ್ಟಿಗಳ ಮುಂದೆ ಪೇರಿಸಿಟ್ಟ ಚೀಲ ನೋಡಿದವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ವಿಡಿಯೋಗಳನ್ನು ಹಗರಿಬೊಮ್ಮನಹಳ್ಳಿಗೆ ತೆಗೆದುಕೊಂಡು ಹೋಗಿ ನನ್ನ ತಂಗಿ ಕೊಟ್ರಮ್ಮನಿಗೆ ತೋರಿಸಿದೆ. ಅವಳನ್ನು ನಗಿಸಬೇಕೆಂಬುದೇ ನನ್ನ ಆಸೆ. ಮಂಚದ ಮೇಲೆ ಗೋಡೆಗೆ ಒರಗಿ ಕೂತಿದ್ದಳು. ನೈಟಿಯ ಮೇಲೆ ಎದೆ ಮುಚ್ಚುವಂತೆ ಗಂಡನ ಟವೆಲು ಹೊದ್ದಿದ್ದಳು. ಸೇಬನ್ನೂ ಗಡಿಯಾರವನ್ನೂ ಕೊನೆಯವರೆಗೂ ನೋಡಿ ಫೋನನ್ನು ನನ್ನ ಕೈಗೆ ಕೊಟ್ಟು ಕೇಳಿದಳು:

“ಅಕ್ಕ, ಒಂದು ಕಡಿ ಇದ್ದು ಒಂದು ಕಡಿ ಇಲ್ದಿದ್ರ, ಅದಕ್ಕ ಯಾವ ಹಣ್ಣಿನ ಹೆಸರೈತಿ?”

ಫೋನನ್ನು ಚೀಲಕ್ಕೆ ಹಾಕಿಕೊಂಡು ಚಹಾ ಮಾಡುತ್ತೇನೆಂದು ಒಳಗೆ ಹೋದೆ.

ಕೊಟ್ರಮ್ಮ ಸರ್ಕಾರಿ ಬಸ್ಸಿನ ಕಂಡಕ್ಟರ್. ನಮ್ಮ ತಾಲೂಕುಗಳ ರಸ್ತೆಗಳಲ್ಲಿ ಅವಳ ದನಿ ಕೇಳದವರು ಕಡಿಮೆ. ‘ಒಳಗ ನಡೀರಿ, ಒಳಗ ನಡೀರಿ, ಬಾಗಿಲದಾಗ ಏನು ಕಾಯಕತ್ತೀರಿ’ ಎಂದು ಅವಳು ಕೂಗಿದರೆ ನಿಂತವರು ಮಾತ್ರವಲ್ಲ, ಕೂತವರೂ ಒಮ್ಮೆ ಅಲುಗಾಡುತ್ತಿದ್ದರು. ನಮ್ಮಿಬ್ಬರಲ್ಲಿ ಅಲಂಕಾರದ ಹುಚ್ಚು ಅವಳಿಗೇ. ಖಾಕಿ ಅಂಗಿ ಎಲ್ಲ ಕಂಡಕ್ಟರರಿಗೂ ಒಂದೇ ಎಂದು ಬೇರೆಯವರು ತಿಳಿದಿದ್ದರೆ, ಇವಳು ಅದನ್ನು ಕೊಟ್ಟೂರಿನ ಮುಮ್ತಾಜ್ ಆಪಾ ಹತ್ತಿರ ಒಯ್ದು ಸೊಂಟದಲ್ಲಿ ಹಿಡಿಸಿ, ಭುಜದಲ್ಲಿ ಕೂರಿಸಿ, ತೋಳನ್ನು ಒಂದಿಷ್ಟು ಮೊಟಕು ಮಾಡಿಸಿ ತೊಡುತ್ತಿದ್ದಳು. ಆ ಅಂಗಿ ಹಾಕಿಕೊಂಡು ಟಿಕೆಟ್ ಮಷೀನು ಹಿಡಿದು ನಿಂತರೆ, ಅವಳ ಮುಂದೆ ಹೊಸ ಸೀರೆಯಲ್ಲಿದ್ದ ನಾನು ಮೂಟೆ ಇಳಿಸಲು ಬಂದವಳಂತೆ ಕಾಣುತ್ತಿದ್ದೆ.

ಸ್ನಾನ ಮಾಡುವಾಗ ಎದೆಯಲ್ಲಿ ಗಂಟು ಕೈಗೆ ಸಿಕ್ಕಿತ್ತು. ಬೆಳಗಿನ ಡ್ಯೂಟಿ, ಅತ್ತೆಯ ಕಣ್ಣಿನ ಆಪರೇಷನ್ನು, ಮಗಳ ಪರೀಕ್ಷೆ ಎಂದು ಅದನ್ನು ಹೇಳುವ ಹೊತ್ತೇ ಕೂಡಿಬರಲಿಲ್ಲ. ಹೇಳಿದಾಗ ದಾವಣಗೆರೆಯ ಡಾಕ್ಟರು ಎಡಗಡೆಯದನ್ನು ಪೂರ್ತಿ ತೆಗೆಯಬೇಕು ಎಂದರು. ತೆಗೆದರು. ಆಮೇಲೆ ರಕ್ತನಾಳಕ್ಕೆ ಹನಿಹನಿಯಾಗಿ ಔಷಧ ಬಿಟ್ಟರು. ಕೂದಲು ದಿಂಬಿನ ಮೇಲೆ ಉಳಿಯಿತು. ಕೂದಲಿಗೆ ಅವಳು ಅಳಲಿಲ್ಲ. ಸೆರಗು ಹೊದ್ದರೆ ತಲೆ ಮುಚ್ಚುತ್ತದೆ, ಹೊದ್ದವಳಿಗೆ ಜನ ಮರ್ಯಾದೆಯನ್ನೂ ಕೊಡುತ್ತಾರೆ. ಎದೆಯ ವಿಷಯ ಹಾಗಲ್ಲ. ನೋಡಲು ಬಂದವರೆಲ್ಲ ಅವಳ ಮುಖ ನೋಡಿ ಮಾತಾಡುತ್ತಿದ್ದರು. ಅವರ ಕಣ್ಣು ಮಾತ್ರ ಮಾತಿನ ನಡುವೆ ಒಮ್ಮೆ ಕೆಳಗಿಳಿದು ಮೇಲೆ ಬರುತ್ತಿತ್ತು. ಅವಳು ಟವೆಲು ಹೊದೆಯಲು ಶುರು ಮಾಡಿದ್ದು ಆಗಲೇ. ಬೇಸಿಗೆ ಬಂದರೂ ಅದನ್ನು ತೆಗೆಯಲಿಲ್ಲ.

ಇಲ್ಲಿ ಒಂದು ಮಾತು ನೆನಪಾಗುತ್ತದೆ. ನಮ್ಮ ಕಡೆ ಬಸುರಿಗೆ ಮಾಡುವ ಶಾಸ್ತ್ರಕ್ಕೆ ಕುಬಸ ಎನ್ನುತ್ತಾರೆ. ಕುಬಸ ಎಂದರೆ ಕುಪ್ಪಸ, ಅಂದರೆ ರವಿಕೆ. ಹೆಣ್ಣಿನ ಮೈ ಬದಲಾಗುತ್ತಿದೆ ಎಂದು ಗೊತ್ತಾದ ಕೂಡಲೇ ಊರ ಹೆಂಗಸರೆಲ್ಲ ಸೇರಿ ಅವಳಿಗೊಂದು ಹೊಸ ಕುಪ್ಪಸ ತೊಡಿಸುತ್ತಿದ್ದರು. ನಮ್ಮಜ್ಜಿಯ ಕಾಲದ ಕುಪ್ಪಸಕ್ಕೆ ಗುಂಡಿಯೂ ಇರಲಿಲ್ಲ, ಸೈಜೂ ಇರಲಿಲ್ಲ. ಎರಡು ತುದಿ ಮುಂದೆ ತಂದು ಗಂಟು ಹಾಕಿದರೆ ಮುಗಿಯಿತು. ಮೈ ತುಂಬಿದಾಗ ಗಂಟು ತುದಿಗೆ ಸರಿಯುತ್ತಿತ್ತು, ಸೊರಗಿದಾಗ ಒಳಗೆ ಸರಿಯುತ್ತಿತ್ತು. ಬಟ್ಟೆ ಮೈಯ ಮಾತು ಕೇಳುತ್ತಿತ್ತು. ಈಗ ಮೈ ಬಟ್ಟೆಯ ಮಾತು ಕೇಳಬೇಕು. ಆದರೆ ಮೈ ತುಂಬಿದ್ದಕ್ಕೆ ಹಾಡು ಹೇಳಿ ಆರತಿ ಎತ್ತಿದ ಅದೇ ಅಜ್ಜಿಯರು, ಮೈಯಿಂದ ಒಂದು ಭಾಗ ಹೋದವಳಿಗೆ ಏನು ತೊಡಿಸಬೇಕೆಂದು ಯಾರಿಗೂ ಹೇಳಿಹೋಗಿಲ್ಲ. ಶಾಲೆಯ ಮಕ್ಕಳನ್ನು ಪ್ರವಾಸಕ್ಕೆಂದು ಬಾಗಳಿಯ ಗುಡಿಗೆ ಕರೆದುಕೊಂಡು ಹೋದಾಗ ಗೋಡೆಯ ಮೇಲಿನ ಕಲ್ಲಿನ ಹೆಂಗಸರನ್ನು ನೋಡಿದೆ. ಎಲ್ಲರದೂ ಎರಡೂ ಕಡೆ ಅಳತೆ ಹಿಡಿದು ಕೆತ್ತಿದ ಎದೆ. ಒಬ್ಬಳದು ಮಾತ್ರ ಒಂದು ಬದಿ ಒಡೆದುಹೋಗಿತ್ತು. ಅವಳೂ ಉಳಿದವರ ಹಾಗೆಯೇ ಸೊಂಟ ಬಳುಕಿಸಿ ನಿಂತಿದ್ದಳು. ಮಕ್ಕಳು ಮುಂದೆ ಹೋದರು, ನಾನು ಸ್ವಲ್ಪ ಹೊತ್ತು ಅಲ್ಲೇ ನಿಂತೆ.

ಡ್ಯೂಟಿಗೆ ಮರಳುವ ದಿನ ಹತ್ತಿರ ಬಂತು. ಸ್ವಲ್ಪ ದಿನ ಕೂತು ಮಾಡುವ ಕೆಲಸ ತಗೊಳ್ಳಿ ಎಂದು ಮೇಲಿನವರು ಹೇಳಿದ್ದರು. ಇವಳು ಒಪ್ಪಲಿಲ್ಲ.

“ಕುಂತ್ರ ನನಗ ನನ್ನದಾ ನೆಪ್ಪಾಕತಿ ಅಕ್ಕ. ಬಸ್ಸಿನ್ಯಾಗಾದ್ರ ಮಂದಿ ಚಿಲ್ರಿ ಕೇಳ್ತಾರ, ಸೀಟಿಗೆ ಜಗಳಾಡ್ತಾರ, ನಾ ಅದೀನೋ ಇಲ್ಲೋ ಅನ್ನೋದಾ ಮರತ ಹೋಕೈತಿ,” ಎಂದಳು. ಆಮೇಲೆ ಮೆಲ್ಲಗೆ, “ಆದ್ರ ಹಾಕ್ಕಳ್ಳಾಕ ಬಟ್ಟಿ ಇಲ್ಲ,” ಎಂದಳು.

ಹಾಗೆ ನಾವು ಹರಪನಹಳ್ಳಿಗೆ ಹೊರಟೆವು. ಅಲ್ಲಿ ಯಾರಿಗೂ ನಮ್ಮ ಗುರುತಿಲ್ಲ ಎಂಬುದು ನನ್ನ ಲೆಕ್ಕಾಚಾರ. ಕಂಡಕ್ಟರಿಗೆ ಗುರುತಿಲ್ಲದ ಊರು ಎಂಬುದೊಂದಿಲ್ಲ ಎನ್ನುವುದು ಬಸ್ಸು ಹತ್ತಿದ ಮೇಲೆ ತಿಳಿಯಿತು. ಡ್ರೈವರು ತಿರುಗಿ ನಮಸ್ಕಾರ ಹೇಳಿದ, ಕಂಡಕ್ಟರು ಸೀಟು ಬಿಡಿಸಿಕೊಟ್ಟ, ಬಾಳೆಹಣ್ಣಿನ ಬುಟ್ಟಿ ಹೊತ್ತ ಹೆಂಗಸು, “ಎಲ್ಲಿ ಹೋಗಿದ್ಯವ್ವ ಇಷ್ಟ ದಿನ, ಸೊರಗಿ ಹೋಗಿಯಲ್ಲ,” ಎಂದು ಗಲ್ಲ ಸವರಿದಳು. ಕೊಟ್ರಮ್ಮ ಎಲ್ಲರಿಗೂ ನಕ್ಕಳು. ನಗುವಾಗ ಸೆರಗನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು.

ಮೊದಲು ಒಳಉಡುಪಿನ ಅಂಗಡಿ. ನಮ್ಮ ಊರುಗಳಲ್ಲಿ ಈ ವ್ಯಾಪಾರವನ್ನು ಗಂಡಸರೇ ಯಾಕೆ ಹಿಡಿದಿದ್ದಾರೋ ಗೊತ್ತಿಲ್ಲ. ಅಂಗಡಿಯವನು ಒಳ್ಳೆಯವನು, ಅದೇ ತೊಂದರೆಯಾಯಿತು. ನಾನು ಕೌಂಟರಿನ ಮೇಲೆ ಬಗ್ಗಿ ಪಿಸುದನಿಯಲ್ಲಿ ವಿಷಯ ತಿಳಿಸಿದೆ. ಅವನು ಮನಸ್ಸು ಕರಗಿ, ಇಡೀ ಅಂಗಡಿಗೆ ಕೇಳುವಂತೆ, “ಅಯ್ಯೋ ಪಾಪ, ಇಂಥಾ ವಯಸ್ಸಿಗೆ!” ಎಂದ. ರಿಬ್ಬನ್ನು ನೋಡುತ್ತಿದ್ದ ಇಬ್ಬರು ಹುಡುಗಿಯರು ತಿರುಗಿದರು. ಅವನು ಅಟ್ಟದಿಂದ ಒಂದು ಡಬ್ಬಿ ಇಳಿಸಿ, “ಪ್ಯಾಡಿಂದು ಐತಿ ನೋಡ್ರಿ. ಎರಡೂ ಕಡೆ ಚೆನ್ನಾಗಿ ತುಂಬಿ ಕಾಣ್ತೈತಿ,” ಎಂದ.

“ಎರಡೂ ಕಡಿ ಏರಿದ್ರ ಹೆಚ್ಚು ಕಮ್ಮಿ ಹಂಗಾ ಉಳಿತಲ್ರಿ,” ಎಂದಳು ಕೊಟ್ರಮ್ಮ.

ಅವನು ಯೋಚಿಸಿ, ಹೌದೆಂದು ತಲೆಯಾಡಿಸಿದ. ಬೇರೇನೂ ಇರಲಿಲ್ಲ. ಹತ್ತಿಯ ಸಾದಾ ಬಾಡಿಗಳನ್ನೇ ಕಟ್ಟಿಸಿಕೊಂಡೆವು.

ಆಮೇಲೆ ಮೇನ್ ರೋಡಿನ ದೊಡ್ಡ ರೆಡಿಮೇಡ್ ಅಂಗಡಿ. ಅಲ್ಲಿ ನನ್ನ ಫೋನಿನ ವಿದ್ಯೆಯನ್ನೆಲ್ಲ ಪ್ರಯೋಗಿಸಿದೆ. ಗಾಢ ಬಣ್ಣ ಹಿಡಿ, ಎದೆಯ ಮೇಲೆ ಕಸೂತಿ ಇರುವುದು ಹಿಡಿ, ಕತ್ತು ಮುಚ್ಚಿದ್ದು ಹಿಡಿ ಎಂದು ಅವಳ ತೋಳಿನ ಮೇಲೆ ಕುರ್ತಾಗಳನ್ನು ಹೇರಿದೆ. ಅಂಗಡಿಯ ಮೂಲೆಯಲ್ಲಿ ಪರದೆ ಕಟ್ಟಿ, ಒಳಗೆ ಒಂದು ಉದ್ದನೆಯ ಕನ್ನಡಿ ನಿಲ್ಲಿಸಿ, ಅದಕ್ಕೆ ಟ್ರಯಲ್ ರೂಮ್ ಎಂದು ಹೆಸರಿಟ್ಟಿದ್ದರು. ಕೊಟ್ರಮ್ಮ ಒಳಗೆ ಹೋದಳು. ಬಹಳ ಹೊತ್ತಾದರೂ ಬರಲಿಲ್ಲ. ಬಟ್ಟೆ ಸರಿಯುವ ಸದ್ದೂ ಇಲ್ಲ.

“ಅಕ್ಕ, ಒಳಗ ಬಾ.”

ನಾನು ಒಳಗೆ ಹೋದ ಮೇಲೆ ಅಲ್ಲಿ ಗಾಳಿಗೂ ಜಾಗ ಉಳಿಯಲಿಲ್ಲ. ಅವಳು ಕನ್ನಡಿಗೆ ಬೆನ್ನು ಮಾಡಿ ನಿಂತಿದ್ದಳು. ರವಿಕೆ ಬಿಚ್ಚಿದ್ದಳು, ಕುರ್ತಾವನ್ನು ಮಡಚಿ ಎದೆಗೆ ಅವಚಿಕೊಂಡಿದ್ದಳು.

“ನಾ ಇನ್ನೂ ನೋಡಿಲ್ಲಕ್ಕ. ಮನ್ಯಾಗೂ ಕನ್ನಡಿಗೆ ಬೆನ್ನ ಮಾಡಿ ಉಟ್ಕಂತೀನಿ. ಡ್ರೆಸಿಂಗ್ ಮಾಡಾಕ ನರ್ಸ್ ಬಂದಾಗೂ ಮಾರಿ ಆ ಕಡಿ ಮಾಡತಿದ್ದೆ. ಮನಿಯವ್ರೂ ನೋಡಿಲ್ಲ. ನನಗ ತ್ರಾಸ ಆಗಬಾರ್ದು ಅಂತ ಹಾಸಿಗಿ ಪಡಸಾಲಿಗೆ ಹಾಕ್ಕಂಡಾರ. ಒಳ್ಳೇರು, ಏನೂ ಅಂದಿಲ್ಲ. ಏನೂ ಅಂದಿಲ್ಲ ನೋಡು.” ಉಸಿರು ತೆಗೆದುಕೊಂಡು, “ನೀ ಮೊದ್ಲ ನೋಡು. ನೋಡೂ ಹಂಗೈತೋ ಇಲ್ಲೋ ಹೇಳು,” ಎಂದು ಕುರ್ತಾವನ್ನು ಕೆಳಗಿಳಿಸಿದಳು.

ನೋಡಿದೆ. ಎದೆಯ ನಡುವಿನಿಂದ ಕಂಕುಳಿನವರೆಗೆ ಓರೆಯಾಗಿ ಎಳೆದ ಗೆರೆ. ಅದರ ಸುತ್ತ ಚರ್ಮ ಬಿಗಿದು ಮಿರುಗುತ್ತಿತ್ತು, ಒಂದು ತುದಿಯಲ್ಲಿ ಮುದುಡಿಕೊಂಡಿತ್ತು. ಪಕ್ಕೆಲುಬುಗಳು ಏರಿ ಇಳಿಯುವುದು ಕಾಣುತ್ತಿತ್ತು. ಚಿಕ್ಕವಳಿದ್ದಾಗ ಹಿತ್ತಲಲ್ಲಿ ನಾನೇ ನೀರೆರೆಯುತ್ತಿದ್ದ ಎದೆ ಅದು, ಆಗಲೂ ಹೀಗೆಯೇ ಚಪ್ಪಟೆಯಾಗಿತ್ತು. ಏನಾದರೂ ಧೈರ್ಯದ ಮಾತು ಹೇಳಬೇಕಿತ್ತು. ಬಾಯಿಗೆ ಬಂದದ್ದು ಬೇರೆಯೇ.

“ಹೊಲಿಗಿ ಚಲೋ ಹಾಕಿಲ್ಲ,” ಎಂದೆ.

ಅವಳು ನನ್ನನ್ನು ದಿಟ್ಟಿಸಿದಳು. ಆಮೇಲೆ ನಕ್ಕಳು, ಗಂಟಲಲ್ಲಿ ಏನೋ ಹರಿದಂಥ ನಗು. “ಮುಮ್ತಾಜಾಪಾ ಇದಕ್ಕಿಂತ ಚಲೋ ಹಾಕ್ತಿದ್ಲು ಬಿಡು,” ಎಂದು ಕನ್ನಡಿಯ ಕಡೆ ತಿರುಗಿದಳು.

ಅವಳು ನೋಡಿಕೊಂಡ ಹೊತ್ತಿನಲ್ಲಿ ನಾನು ನೆಲ ನೋಡುತ್ತಿದ್ದೆ. ಉದುರಿದ ಗುಂಡಿಯೊಂದು ಅಲ್ಲಿ ಬಿದ್ದಿತ್ತು. ಹೊರಗಿನಿಂದ ಅಂಗಡಿಯ ಹುಡುಗಿ, “ಮೇಡಂ, ಆಯ್ತೇನ್ರಿ? ಇಲ್ಲಿ ಬೇರೆಯವ್ರು ಕಾಯ್ತಿದಾರೆ,” ಎಂದಳು.

ಕೊಟ್ರಮ್ಮ ಕಣ್ಣೊರೆಸಿಕೊಳ್ಳುತ್ತಲೇ, ತಿಂಗಳುಗಳಿಂದ ಕೇಳದಿದ್ದ ಆ ದನಿಯಲ್ಲಿ ಕೂಗಿದಳು: “ಹಿಂದಿನ ಗಾಡಿಗೆ ಬರ್ರೀ, ಇದು ಫುಲ್ ಆಗೈತಿ!”

ನಾನು ಹೇರಿದ ಯಾವ ಕುರ್ತಾವನ್ನೂ ಅವಳು ಕೊಳ್ಳಲಿಲ್ಲ. ಕಸೂತಿಯೇ ಇಲ್ಲದ ಒಂದು ನೀಲಿಯದನ್ನು ತಾನೇ ಆರಿಸಿಕೊಂಡಳು.

ಡ್ಯೂಟಿಗೆ ಹೋಗುವ ಮುಂಚೆ ಮನೆಯಲ್ಲಿ ಒಂದು ಉಪಾಯ ಮಾಡಿಕೊಂಡಳು. ಹಳೆಯ ಮೆತ್ತನೆಯ ಸೀರೆಯಲ್ಲಿ ಚೀಲ ಹೊಲಿದು, ಅದಕ್ಕೆ ನವಣೆ ತುಂಬಿ, ಎಡಗಡೆ ಇಟ್ಟುಕೊಂಡಳು. ಹತ್ತಿ ಹಗುರ, ಮೇಲೇರುತ್ತದೆ. ನವಣೆಗೆ ತೂಕವಿದೆ, ಮೈಯ ಜೊತೆ ಜಾರಿ ಕೂರುತ್ತದೆ. “ಮಳ್ಯಾಗ ನೆನೆದ್ರ ಮೊಳಕಿ ಒಡೀತಾವೇನೋ. ನಮ್ಮ ಹೊಲಕ್ಕಿಂತ ಇಲ್ಲೇ ಚಲೋ ಬೆಳಿ ಬರಬೋದು,” ಎಂದು ಅವಳೇ ಹೇಳಿದಳು. ಆದರೆ ಬಸ್ಸಿನ ಕುಲುಕಾಟವನ್ನು ನವಣೆ ತಡೆಯಲಿಲ್ಲ. ಒಂದು ದಿನ ಹಡಗಲಿಯ ಗಾಡಿಯಲ್ಲಿ, ಹೆಂಗಸರೇ ತುಂಬಿ ಕಾಲಿಡಲು ಜಾಗವಿಲ್ಲದ ಹೊತ್ತಿನಲ್ಲಿ, ಸೀಟಿ ಊದಲು ಕೈಯೆತ್ತಿದಳಂತೆ. ಚೀಲ ಕಂಕುಳಿಗೆ ಸರಿದು, ಅಲ್ಲಿಂದ ಬೆನ್ನಿಗೆ ಹೋಯಿತು. ಹಿಂದಿನ ಸೀಟಿನ ಕಾಲೇಜು ಹುಡುಗರಲ್ಲಿ ಒಬ್ಬ ಏನೋ ಅಂದ, ಉಳಿದವರು ನಕ್ಕರು. ಅವನೇನು ಅಂದ ಎಂದು ಅವಳು ನನಗೆ ಕೊನೆಯವರೆಗೂ ಹೇಳಲಿಲ್ಲ. ಹಿರೇಹಡಗಲಿ ಬರುವವರೆಗೂ ಹಾಗೆಯೇ ಟಿಕೆಟ್ ಹರಿದೆ ಎಂದಷ್ಟೇ ಹೇಳಿದಳು.

ಆ ವಾರವೇ ಇಬ್ಬರೂ ಮುಮ್ತಾಜ್ ಆಪಾ ಹತ್ತಿರ ಹೋದೆವು. ಆಪಾ ಟೇಪು ಹಿಡಿದು ಬೆನ್ನಿನಿಂದ ಸುತ್ತಿ ತಂದು ಮುಂದೆ ನಿಂತಳು. ಕೈ ಮುಂದಕ್ಕೆ ಹೋಗಲಿಲ್ಲ.

“ಮೊದ್ಲಿನ ಅಳತಿಗೇ ಹೊಲಿತೀನಿ ಬೇಟಾ. ಒಳಗ ಏನಾರ ಇಟ್ಕ,” ಎಂದಳು. ಅವಳ ಕಣ್ಣು ಆಗಲೇ ಒದ್ದೆಯಾಗಿತ್ತು.

“ಬ್ಯಾಡ ಆಪಾ. ಇದ್ದದ್ದಕ್ಕ ಬ್ಯಾಡ, ಇರೋದಕ್ಕ ಹೊಲಿ. ಎಡಗಡಿ ಮಟ್ಟಸ ಮಾಡು, ಬಲಗಡಿ ಅಳತಿಗೆ ಸರಿಯಾಗಿ ಹಿಡಿ. ಸೊಂಟದಾಗ ಮೊದ್ಲಿನಂಗಾ ಹಿಡಿಸು, ಅದನ್ನ ಮಾತ್ರ ಬಿಡಬ್ಯಾಡ.”

ಆಪಾ ಮೊದಲ ಅಂಗಿಯನ್ನು ಕೆಡಿಸಿದಳು. ಎಡಗಡೆ ಚರ್ಮಕ್ಕೆ ಉಜ್ಜಿ ಕೆಂಪಾಯಿತು. ಎರಡನೆಯದು ಸರಿಯಾಯಿತು. ಅದನ್ನು ತೊಟ್ಟು ದುಡ್ಡಿನ ಚೀಲದ ಪಟ್ಟಿಯನ್ನು ಅಡ್ಡ ಹಾಕಿಕೊಂಡು ಕೊಟ್ರಮ್ಮ ಬಾಗಿಲಲ್ಲಿ ನಿಂತಾಗ, ನನಗೆ ಅವಳು ಚೆಂದ ಕಂಡಳು ಎಂದರೆ ತಂಗಿಯ ಮೇಲಿನ ಮಮತೆ ಎಂದುಕೊಳ್ಳುತ್ತೀರಿ. ಇರಬಹುದು. ಮುಚ್ಚುವುದಕ್ಕೇನೂ ಇಲ್ಲದವಳ ಭುಜ ಬೇರೆಯೇ ರೀತಿ ನಿಲ್ಲುತ್ತದೆ, ಅಷ್ಟನ್ನು ಮಾತ್ರ ನಾನು ಕಂಡೆ.

ಒಮ್ಮೆ ಅವಳ ಬಸ್ಸಿನಲ್ಲೇ ಕೂಡ್ಲಿಗಿಗೆ ಹೋದೆ. ಮುಂದಿನ ಸೀಟಿನಲ್ಲಿ ಸೊಪ್ಪಿನ ಗಂಟು ಇಟ್ಟುಕೊಂಡಿದ್ದ ಹೆಂಗಸೊಬ್ಬಳು ಅವಳನ್ನೇ ನೋಡುತ್ತಿದ್ದಳು. ನಮ್ಮವರಿಗೆ ನಾಚಿಕೆಗಿಂತ ಕುತೂಹಲ ಹೆಚ್ಚು. ಕೇಳಿಯೇಬಿಟ್ಟಳು:

“ಯವ್ವಾ, ಅದ್ಯಾಕ ಹಂಗೈತಿ, ಒಂದು ಕಡಿ?”

“ಗಂಟಾಗಿತ್ತವ್ವ. ಕೊಯ್ದು ತಗದ್ರು,” ಎಂದು ಕೊಟ್ರಮ್ಮ ಟಿಕೆಟ್ ಕೊಟ್ಟಳು.

ಕೂಡ್ಲಿಗಿಯಲ್ಲಿ ಎಲ್ಲರೂ ಇಳಿದ ಮೇಲೂ ಆ ಹೆಂಗಸು ಸೊಪ್ಪಿನ ಗಂಟು ಹಿಡಿದು ಬಾಗಿಲ ಹತ್ತಿರ ನಿಂತಿದ್ದಳು. ಕೊಟ್ರಮ್ಮ ಹತ್ತಿರ ಹೋದಾಗ ಅವಳ ಕೈ ಹಿಡಿದು ತನ್ನ ಸೆರಗಿನೊಳಗೆ ಒಯ್ದು ಒಂದು ಜಾಗದ ಮೇಲೆ ಇಟ್ಟಳು. ದಾವಣಗೆರೆಯ ಆಸ್ಪತ್ರೆಗೆ ಯಾವ ಬಸ್ಸು, ಎಲ್ಲಿ ಇಳಿಯಬೇಕು, ಯಾವ ಬಾಗಿಲಿನಿಂದ ಒಳಗೆ ಹೋಗಬೇಕು ಎಂದೆಲ್ಲ ಕೊಟ್ರಮ್ಮ ಎರಡೆರಡು ಸಲ ಹೇಳುವುದು ನನಗೆ ಕೇಳಿಸಿತು. “ನಾಳೆ ನಾಡಿದ್ದು ಅನ್ನಬ್ಯಾಡವ್ವ. ನಾ ಹಂಗಾ ಅಂದಿದ್ದೆ,” ಎಂದಳು. ಆ ಹೆಂಗಸು ಹೋದಳೋ ಇಲ್ಲವೋ ಗೊತ್ತಿಲ್ಲ. ಮತ್ತೆ ಆ ಬಸ್ಸಿನಲ್ಲಿ ಕಾಣಲಿಲ್ಲ ಎಂದು ಕೊಟ್ರಮ್ಮ ಬಹಳ ದಿನ ಹೇಳುತ್ತಿದ್ದಳು.

ಕಾಯಿಲೆ ಮತ್ತೆ ಬಂತು. ಈ ಸಲ ಮೂಳೆಗೆ. ಬೆನ್ನು ನೋವು ಬಸ್ಸಿನ ಕುಲುಕಾಟದ್ದು ಎಂದೇ ನಾವೆಲ್ಲ ತಿಳಿದಿದ್ದೆವು. ಹಾಸಿಗೆ ಹಿಡಿದ ಮೇಲೆ ಅವಳ ಗಂಡ ತನ್ನ ಹಾಸಿಗೆಯನ್ನು ಪಡಸಾಲೆಯಿಂದ ಒಳಗೆ ತಂದುಕೊಂಡ. ಮೈ ಒರೆಸುವುದು, ಬಟ್ಟೆ ಬದಲಿಸುವುದು ಎಲ್ಲವನ್ನೂ ಅವನೇ ಮಾಡಿದ. ಅದು ಇಷ್ಟು ತಡವಾಗಿ ಆಯಿತಲ್ಲ ಎಂದು ನನಗೆ ಸಿಟ್ಟಿತ್ತು. ಅವಳಿಗಿರಲಿಲ್ಲ. ಚಳಿಗಾಲ ಮುಗಿಯುವ ಹೊತ್ತಿಗೆ ಅವಳು ಹೋದಳು.

ಸತ್ತವರ ಬಟ್ಟೆ ಯಾರಿಗಾದರೂ ಆಗಿಯೇ ಆಗುತ್ತದೆ. ಅವಳ ಸೀರೆಗಳು ಹೋದವು, ಸ್ವೆಟರು ಹೋಯಿತು. ನೀಲಿ ಕುರ್ತಾವನ್ನು ಮಗಳು ಇಟ್ಟುಕೊಂಡಳು. ಖಾಕಿ ಅಂಗಿಗಳು ಮಾತ್ರ ಉಳಿದವು. ದೇಹಕ್ಕೆ ಒಪ್ಪುವ ಬಟ್ಟೆ ಎಂದು ಫೋನಿನ ಹುಡುಗಿಯರು ಎಷ್ಟೋ ಹೇಳಿದರು. ಪೂರ್ತಿ ಒಪ್ಪಿದ ಬಟ್ಟೆ ಇನ್ಯಾರಿಗೂ ಆಗುವುದಿಲ್ಲ ಎಂಬುದನ್ನು ಅವರಲ್ಲಿ ಒಬ್ಬಳೂ ಹೇಳಿರಲಿಲ್ಲ. ನಾನು ಹೋದ ದಿನ ಅವಳ ಅತ್ತೆ ಗೌರಮ್ಮ ಅವನ್ನು ಮುಂದೆ ಹರಡಿಕೊಂಡು ಕೂತಿದ್ದರು.

“ಡಿಪೋದ ಹುಡುಗಿಯೊಬ್ಬಾಕಿ ಬಂದು ಹಾಕ್ಕಂಡು ನೋಡಿದ್ಲು. ಎಡಕ್ಕ ಬಿಗಿತೈತಿ, ಬಿಚ್ಚಿ ಹೊಲಿಸ್ಕಂತೀನಿ ಅಂದ್ಲು. ನಾ ಕೊಡ್ಲಿಲ್ಲ,” ಎಂದರು.

“ಯಾಕ್ರಿ ಅತ್ತಿ?”

ಅವರು ಒಂದು ಅಂಗಿಯನ್ನು ಕೊಡವಿ ಎತ್ತಿ ಹಿಡಿದರು. “ನೀ ಒಮ್ಮಿ ಹಾಕ್ಕಂಡು ನೋಡು, ಶಾರದಾ.”

ಆಗುವುದಿಲ್ಲ ಎಂದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಆದರೂ ಕೈ ತೂರಿಸಿದೆ. ಮೊಣಕೈ ದಾಟಿ ತೋಳಿನ ನಡುವೆ ಸಿಕ್ಕಿಕೊಂಡಿತು, ಮೇಲೂ ಇಲ್ಲ, ಕೆಳಗೂ ಇಲ್ಲ. ಗೌರಮ್ಮ ಎದ್ದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಆ ವಯಸ್ಸಿನಲ್ಲಿ ಗೋಡೆಗೆ ಕಾಲು ಕೊಟ್ಟು ಎಳೆದರು. ನಾನು ಅಂಗಿಯ ಸಮೇತ ಅವರ ಮೇಲೆ ಬಿದ್ದೆ. ಮೊದಲು ಯಾರು ನಕ್ಕರೋ ನೆನಪಿಲ್ಲ. ಕೊಟ್ರಮ್ಮ ಹೋದ ಮೇಲೆ ಆ ಮನೆಯಲ್ಲಿ ಯಾರೂ ನಕ್ಕಿರಲಿಲ್ಲ. ಪಡಸಾಲೆಯಲ್ಲಿದ್ದವರು ಏನಾಯಿತೋ ಎಂದು ಬಾಗಿಲಿಗೆ ಬಂದರು.

ನಗು ನಿಂತ ಮೇಲೂ ನನ್ನ ತೋಳು ಅಂಗಿಯೊಳಗೇ ಇತ್ತು. ನಾನು ಮತ್ತೆ ಎಳೆಯಲು ಹೋದೆ. ಗೌರಮ್ಮ ನನ್ನ ಕೈ ಹಿಡಿದರು.

“ಇರ್ಲಿ ಬಿಡವ್ವ, ಸ್ವಲ್ಪೊತ್ತು,” ಎಂದು ನನ್ನ ಪಕ್ಕದಲ್ಲೇ ನೆಲದ ಮೇಲೆ ಕೂತರು.